ವಿದ್ಯಾವೃತ್ತಲೇಖನ ವಿಚಾರ

ಉನ್ನತ ವ್ಯಾಸಂಗಕ್ಕಾಗಿ ವಿದ್ಯಾರ್ಥಿವೇತನವನ್ನು ಬೇಡುವವರು ಅರ್ಜಿಯೊಡನೆ ಕಳುಹಿಸತಕ್ಕ ಪತ್ರವೊಂದುಂಟು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಕರಿಕ್ಯುಲಮ್ ವೀಟೆ’ ಎಂದು ಹೆಸರು. ಬಾಳಿನ ಓಟವೆಂಬುದು ಪದಾರ್ಥ. ನಾವು ಅದನ್ನು ವಿದ್ಯಾವೃತ್ತವೆನ್ನಬಹುದು. ಹೆಸರು ಹೊರಗಿನದಾದರೂ ವಸ್ತು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಂದ ವಿದ್ಯಾಪತಿಯೆನಿಸಿದ ಕಾಶ್ಮೀರಕವಿ ಬಿಲ್ಹಣನು ವಿಕ್ರಮಾಂಕದೇವಚರಿತದ 18ನೆಯ ಸರ್ಗದಲ್ಲಿ ತನ್ನ ಹುಟ್ಟೂರನ್ನೂ, ಮಹಾಭಾಷ್ಯಕ್ಕೆ ವ್ಯಾಖ್ಯಾನ ರಚಿಸಿದ ತಂದೆಯನ್ನೂ, ತಾನು ಕಲಿತ ಶಾಸ್ತ್ರಗಳನ್ನೂ, ಮಥುರೆ, ಕಾನ್ಯಕುಬ್ಜ, ಪ್ರಯಾಗ, ಕಾಶಿಗಳಲ್ಲಿ ಸಂಚರಿಸಿದುದನ್ನೂ ವಿಸ್ತಾರವಾಗಿ ಹೇಳಿಕೊಂಡಿದ್ದಾನೆ.

ಆದರೆ ಆ ಮಾದರಿಯನ್ನು ಇದ್ದಂತೆ ಅನುಸರಿಸಿದರೆ ಇಂದಿನ ಅಭ್ಯರ್ಥಿಗೆ ಹಾನಿಯೇ ಸರಿ. ಬಿಲ್ಹಣನು ವಂಶವನ್ನೂ ವರ್ಣಿಸಿದನು. ಇಲ್ಲಿ ವಂಶಕ್ಕೆ ಸ್ಥಳವಿಲ್ಲ, ಕಾಲಕ್ರಮವೂ ಸಾಮಾನ್ಯವಾಗಿ ವಿಲೋಮ, ಅಂದರೆ ಇತ್ತೀಚಿನದು ಮೊದಲು. ಅವನು ಶ್ಲಾಘನೆಯನ್ನು ಬೆರೆಸಿದನು. ಇಲ್ಲಿ ಶ್ಲಾಘನೆಯ ಕೆಲಸ ಗುರುಗಳ ಪತ್ರಕ್ಕೆ ಸೇರಿದುದು. ಅಭ್ಯರ್ಥಿಯು ಕೊಡತಕ್ಕದ್ದು ಪ್ರಮಾಣವನ್ನು.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನನ್ನ ಶಿಷ್ಯನೊಬ್ಬನು ಎರಡು ಬೇಸಗೆ ಕುಳಿತು ಓಲೆಯ ಪ್ರತಿಯೊಂದನ್ನು ಕಾಗದಕ್ಕಿಳಿಸಿ, ಬೇರೊಂದು ಪ್ರತಿಯೊಡನೆ ಹೋಲಿಸಿ ಪಾಠಾಂತರಗಳನ್ನು ಗುರುತಿಸಿದ್ದನು. ಅವನ ವಿದ್ಯಾವೃತ್ತವನ್ನು ತಿದ್ದಿಕೊಟ್ಟವನು ನಾನು. ಆ ಪರಿಶ್ರಮವನ್ನೆಲ್ಲ ‘ಹಸ್ತಪ್ರತಿಗಳಲ್ಲಿ ಆಸಕ್ತಿ’ ಎಂಬ ಒಂದೇ ಪಂಕ್ತಿಯಲ್ಲಿ ಮುಗಿಸಿ, ಭಾಷಣಸ್ಪರ್ಧೆಯ ಬಹುಮಾನಗಳನ್ನು ಮೇಲಕ್ಕೇರಿಸಿ, ‘ಅಸಾಧಾರಣ ಪ್ರತಿಭಾಶಾಲಿ’ ಎಂಬ ವಿಶೇಷಣವನ್ನೂ ಸೇರಿಸಿದೆನು. ವೇತನ ದೊರೆಯಲಿಲ್ಲ. ಹುಡುಗನು ನನ್ನನ್ನು ದೂರಲಿಲ್ಲ; ಅದೇ ನನಗೆ ಹೆಚ್ಚು ನೋವಾಯಿತು. ಮರುವರ್ಷ ಅವನೇ ಬರೆದನು: ಲಿಪಿ ಯಾವುದು, ಗರಿಗಳೆಷ್ಟು, ಕೆಲಸ ಎಲ್ಲಿಯವರೆಗೆ ಬಂದಿದೆ, ಉಳಿದಿರುವುದೇನು. ಸಂದರ್ಶನದಲ್ಲಿ ಪ್ರಶ್ನೆಗಳೆಲ್ಲ ಆ ನಾಲ್ಕು ಪಂಕ್ತಿಗಳ ಮೇಲೆಯೇ ಬಂದುವಂತೆ.

ಪ್ರಕಟಣೆಗಳನ್ನು ಹೇಳುವಾಗಲೂ ಅಚ್ಚಾದುದು, ಅಂಗೀಕೃತವಾದುದು, ಇನ್ನೂ ಪರಿಶೀಲನೆಯಲ್ಲಿರುವುದು ಎಂಬ ಭೇದವನ್ನು ಮರೆಸಬಾರದು. ಅಂಕಗಳ ವಿಷಯದಲ್ಲಿ ಮತ್ತೊಂದು ತೊಡಕುಂಟು. ನಮ್ಮಲ್ಲಿ ಸಾಮಾನ್ಯವಾಗಿ ನೂರಕ್ಕೆ 60 ಬಂದರೆ ಪ್ರಥಮದರ್ಜೆ. ಬ್ರಿಟನ್ನಿನಲ್ಲಿ ಅದಕ್ಕೆ 70 ಬೇಕು. ಆದಕಾರಣ ಬರಿಯ ಅಂಕವನ್ನು ಕೊಡದೆ ದರ್ಜೆಯನ್ನೂ, ಸ್ಥಾನ ಬಂದಿದ್ದರೆ ಅದನ್ನೂ ಕಾಣಿಸಬೇಕು. ಪಾಠಶಾಲೆಗಳಲ್ಲಿ ಓದಿದವರಿಗಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು. ಕಾವ್ಯ, ಸಾಹಿತ್ಯ, ವಿದ್ವತ್ ಎಂಬ ಪರೀಕ್ಷೆಗಳ ಹೆಸರು ನಮಗೆ ಸುಪರಿಚಿತ. ದೂರದ ಪರೀಕ್ಷಕನಿಗೆ ಅವು ಬರಿಯ ಶಬ್ದಗಳು. ಎಷ್ಟು ವರ್ಷದ ವ್ಯಾಸಂಗ, ಯಾವ ಶಾಸ್ತ್ರ, ಯಾವ ಗ್ರಂಥಗಳನ್ನು ಆದ್ಯಂತವಾಗಿ ಪಾಠ ಹೇಳಿಸಿಕೊಂಡದ್ದು ಎಂಬುದನ್ನು ಒಂದೆರಡು ಪಂಕ್ತಿಗಳಲ್ಲಿ ತಿಳಿಸದಿದ್ದರೆ, ಸಿದ್ಧಾಂತಕೌಮುದಿಯನ್ನು ಪೂರ್ತಿಯಾಗಿ ಓದಿದವನೂ ಏನನ್ನೂ ಓದದವನಂತೆ ಕಾಣುವನು.

ಕೊನೆಯಲ್ಲಿ ಬರತಕ್ಕವು ಅಭಿಪ್ರಾಯ ಕೊಡಬಲ್ಲ ಗುರುಗಳ ಹೆಸರುಗಳು. ಅವರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆದು, ವಿದ್ಯಾವೃತ್ತದ ಪ್ರತಿಯೊಂದನ್ನು ಅವರ ಕೈಗೂ ಕೊಡುವುದು ಯುಕ್ತ. ನನ್ನಲ್ಲಿಗಂತೂ ಗಡುವಿನ ಹಿಂದಿನ ಸಂಜೆ ಬರುವವರೇ ಹೆಚ್ಚು.