ಕೊಟ್ಟಿಗೆಯ ಅರ್ಥ್ ವೈರ್ ಎಷ್ಟು ದಪ್ಪ ಇರಬೇಕು?



ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರ್ ಈಗ ಅನೇಕ ಕೊಟ್ಟಿಗೆಗಳಿಗೆ ಬಂದಿವೆ. ಕೆಲಸ ಹಗುರವಾಗಿದೆ. ಆದರೆ ಕೊಟ್ಟಿಗೆ ಎಂದರೆ ಸದಾ ಒದ್ದೆ ನೆಲ, ಗಂಜಲ, ಕಬ್ಬಿಣದ ಕಂಬಿ, ಸರಪಳಿ. ಬರಿಗಾಲಿನಲ್ಲಿ, ಒದ್ದೆ ಕೈಯಲ್ಲಿ ಅಲ್ಲಿ ಓಡಾಡುವವರು ನೀವು. ಇನ್ನು ಹಸು ಒದ್ದೆ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಿರುತ್ತದೆ. ಕರೆಂಟ್ ಮುಂಗಾಲಿನಿಂದ ಹಿಂಗಾಲಿಗೆ ಹರಿದರೆ ಅದರ ದಾರಿಯಲ್ಲಿ ಎದೆ ಸಿಗುತ್ತದೆ. ನಮಗೆ ಜುಮ್ಮೆನ್ನಿಸಿ ಬಿಡುವ ಶಾಕ್ ಹಸುವಿನ ಪ್ರಾಣ ತೆಗೆಯಬಹುದು.

ಅರ್ಥ್ ವೈರ್ ಮಾಡುವ ಕೆಲಸ

ಮೋಟಾರಿನೊಳಗೆ ಫೇಸ್ ವೈರ್ ಸವೆದು ಹೊರಕವಚಕ್ಕೆ ತಾಗಿದರೆ ಇಡೀ ಯಂತ್ರಕ್ಕೆ ಕರೆಂಟ್ ಬರುತ್ತದೆ. ಆ ಕರೆಂಟಿಗೆ ಸುಲಭದ ದಾರಿ ಕೊಟ್ಟು ನಮ್ಮ ಮೈಯಿಂದ ದೂರ ಒಯ್ಯುವುದೇ ಅರ್ಥ್ ವೈರ್. ಆ ಗಳಿಗೆಯಲ್ಲಿ ಮೋಟಾರು ದಿನವೂ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟ್ ಅದರಲ್ಲಿ ಹರಿಯಬಹುದು. ತಂತಿ ತೆಳುವಾಗಿದ್ದರೆ ಕಾದು ತುಂಡಾಗುತ್ತದೆ. ಆಮೇಲೆ ಯಂತ್ರದಲ್ಲಿ ಕರೆಂಟ್ ಉಳಿಯುತ್ತದೆ, ರಕ್ಷಣೆ ಉಳಿಯುವುದಿಲ್ಲ. ಗಂಜಲ, ತೇವಕ್ಕೂ ತೆಳು ತಂತಿಯೇ ಮೊದಲು ತಿಂದುಹೋಗುವುದು.

ಅಳತೆ ಹೀಗಿರಲಿ

* ಫೇಸ್ ವೈರ್ 16 ಚದರ ಮಿ.ಮೀ.ವರೆಗೆ ಇದ್ದರೆ ಅರ್ಥ್ ವೈರೂ ಅದೇ ಲೋಹದ್ದು, ಅದೇ ಅಳತೆಯದು ಇರಬೇಕು. ನಮ್ಮ ಕೊಟ್ಟಿಗೆಗಳ ವೈರಿಂಗ್ ಸಾಮಾನ್ಯವಾಗಿ ಇದರೊಳಗೇ ಬರುತ್ತದೆ.
* ಅಂದರೆ ದೀಪಕ್ಕೆ 1.5 ಸ್ಕ್ವೇರ್ ತಾಮ್ರದ ವೈರ್ ಎಳೆದಿದ್ದರೆ ಅರ್ಥ್ ಕೂಡ 1.5, ಮೋಟಾರಿನ ಸಾಕೆಟ್‌ಗೆ 2.5 ಎಳೆದಿದ್ದರೆ ಅರ್ಥ್ ಕೂಡ 2.5, 4 ಇದ್ದರೆ 4.
* ಅರ್ಥ್ ವೈರ್ ಬೇರೆಯಾಗಿ, ಪೈಪಿಲ್ಲದೆ ಗೋಡೆಯ ಮೇಲೆ ಹೋಗುತ್ತಿದ್ದರೆ ತಾಮ್ರದ 4 ಸ್ಕ್ವೇರ್‌ಗಿಂತ ಕಡಿಮೆ ಬೇಡ.
* ಬೋರ್ಡಿನಿಂದ ಅರ್ಥ್ ಗುಂಡಿಗೆ 8 ಗೇಜ್ ಜಿಐ ತಂತಿ ಬಳಸುವ ರೂಢಿಯಿದೆ. ಗೇಜ್ ಸಂಖ್ಯೆ ಹೆಚ್ಚಾದಷ್ಟು ತಂತಿ ತೆಳು ಎಂಬುದು ನೆನಪಿರಲಿ. 8 ಗೇಜ್ ತಂತಿ ಸುಮಾರು 4 ಮಿ.ಮೀ. ದಪ್ಪ, 14 ಗೇಜ್ 2 ಮಿ.ಮೀ. ಮಾತ್ರ. ದಪ್ಪ ಅರ್ಧವಾದರೆ ಕರೆಂಟ್ ಹರಿಯುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ.
* ತ್ರೀ ಫೇಸ್ ಮೋಟಾರಿನ ಕವಚಕ್ಕೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಇರಲೇಬೇಕು. ಇದು ನಿಯಮ.

ದಪ್ಪ ವೈರ್ ಒಂದೇ ಸಾಲದು

ಒಂದು ಲೆಕ್ಕ ನೋಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ, ಕರೆಂಟಿನ ದಾರಿಯ ಒಟ್ಟು ತಡೆ 23 ಓಮ್ ಆಯಿತು ಎನ್ನಿ. 230 ವೋಲ್ಟ್‌ಗೆ ಅಲ್ಲಿ ಹರಿಯುವುದು 10 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂಸಿಬಿ ಅಷ್ಟಕ್ಕೆ ಟ್ರಿಪ್ ಆಗುವುದಿಲ್ಲ. ಯಂತ್ರದ ಮೈಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಆದ್ದರಿಂದ ಕೊಟ್ಟಿಗೆಯ ಸಾಕೆಟ್‌ಗಳಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಇಷ್ಟು ಅಲ್ಪ ಸೋರಿಕೆಗೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಬದಲಾಯಿಸಿ.

ಇವನ್ನೂ ಗಮನಿಸಿ

* ಕಬ್ಬಿಣದ ಕಂಬಿ, ನೀರಿನ ತೊಟ್ಟಿಯ ಪೈಪು, ಯಂತ್ರದ ಸ್ಟ್ಯಾಂಡ್ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಅರ್ಥ್‌ಗೆ ಸೇರಿಸಿರಬೇಕು.
* ನಲ್ಲಿ ಪೈಪನ್ನೇ ಅರ್ಥ್ ಎಂದು ನಂಬಬೇಡಿ. ನಡುವೆ ಒಂದು ತುಂಡು ಪ್ಲಾಸ್ಟಿಕ್ ಪೈಪ್ ಬಂದರೆ ದಾರಿ ಮುಗಿಯಿತು.
* ಅರ್ಥ್ ವೈರಿಗೆ ಸ್ವಿಚ್, ಫ್ಯೂಸ್ ಬೇಡ. ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೆ ಅರ್ಥ್ ಕಟ್ಟುವುದೂ ಬೇಡ.
* ಹಸು ತೊಟ್ಟಿಗೆ ಬಾಯಿ ಹಾಕಿ ಥಟ್ಟನೆ ಹಿಂದೆ ಸರಿಯುತ್ತಿದೆಯೇ? ಯಂತ್ರ ಶುರು ಮಾಡಿದೊಡನೆ ಕಾಲು ಬದಲಿಸಿ ಒದ್ದಾಡುತ್ತದೆಯೇ, ಸೊರೆ ಬಿಡುತ್ತಿಲ್ಲವೇ? ಪಶುವೈದ್ಯರಿಗೆ ತೋರಿಸುವುದರ ಜೊತೆಗೆ ವೈರಿಂಗನ್ನೂ ಪರೀಕ್ಷಿಸಿ. ನಮಗೆ ತಿಳಿಯದ ಕೆಲವೇ ವೋಲ್ಟ್ ಅದಕ್ಕೆ ತಿಳಿಯುತ್ತದೆ.

ಈ ಕೆಲಸಗಳನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅವರು ಬಂದಾಗ ಮೂರು ಮಾತು ಕೇಳಿ: ಫೇಸ್ ವೈರ್ ಎಷ್ಟು ಸ್ಕ್ವೇರ್? ಅರ್ಥ್ ವೈರ್ ಎಷ್ಟು ಸ್ಕ್ವೇರ್? ಆರ್‌ಸಿಸಿಬಿ ಎಲ್ಲಿದೆ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆಯೇ ಯಂತ್ರದ ಸ್ವಿಚ್ ಹಾಕಿ.