ನೈರೋಬಿ ಮಗ್ಗುಲಲ್ಲೊಂದು ಘಟ್ಟ

ನೈರೋಬಿ: ಜೂನ್ 30 ಇಲ್ಲಿ ವೈಯಕ್ತಿಕ ತೆರಿಗೆ ವಿವರ ಸಲ್ಲಿಸಲು ಕೊನೆಯ ದಿನ. ಅದು ಮುಗಿದ ಮೇಲೆಯೇ ನಮ್ಮಂಥ ಲೆಕ್ಕಪರಿಶೋಧಕರಿಗೆ ಭಾನುವಾರ. ಕಳೆದ ಜುಲೈನಲ್ಲಿ ಕೊಪ್ಪದಿಂದ ಅಪ್ಪ ಬಂದಿದ್ದರು. ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಐದನೇ ಮಹಡಿಯ ಮನೆಯಲ್ಲಿ ಕಿಟಕಿ ಪಕ್ಕ ಕೂತರೆ ಮಾತೇ ಇಲ್ಲ. ಹತ್ತನೇ ದಿನಕ್ಕೆ, ‘ವಾಪಸ್ ಟಿಕೆಟ್ ಬೇಗ ಮಾಡಿಸು ಮಾರಾಯ’ ಎಂದರು. ಆ ಭಾನುವಾರ ಅವರನ್ನು ಎನ್‌ಗಾಂಗ್ ಬೆಟ್ಟಕ್ಕೆ ಕರೆದೊಯ್ದೆ.

ನಗರದಿಂದ ನೈಋತ್ಯಕ್ಕೆ ಸುಮಾರು 25 ಕಿ.ಮೀ. ದೂರದ ಬೆಟ್ಟಸಾಲು ಇದು. ತುದಿಯ ಎತ್ತರ ಸುಮಾರು 2,460 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 500 ಮೀಟರ್ ಹೆಚ್ಚು. ಹಳೆಯ ಜ್ವಾಲಾಮುಖಿಯೊಂದರ ಪಶ್ಚಿಮ ಭಾಗ ಕುಸಿದು, ಉಳಿದದ್ದೇ ಈ ಬೆಟ್ಟ. ನೈರೋಬಿ ಕಡೆ ಇಳಿಜಾರು ನಿಧಾನ. ಇನ್ನೊಂದು ಕಡೆ ನೆಲ ಸಾವಿರ ಮೀಟರ್‌ಗೂ ಹೆಚ್ಚು ಕೆಳಗೆ, ಗ್ರೇಟ್ ರಿಫ್ಟ್ ಕಣಿವೆಗೆ ಬೀಳುತ್ತದೆ. ಮಂಜು ಸರಿದಾಗ ಅಪ್ಪ ಕೆಳಗೆ ನೋಡಿ, ‘ಥೇಟ್ ಆಗುಂಬೆ! ಸಮುದ್ರ ಎಲ್ಲಿ?’ ಎಂದರು. ಪ್ರಶ್ನೆ ತಪ್ಪಲ್ಲ. ನಮ್ಮ ಘಟ್ಟವೂ ಭೂಖಂಡ ಸೀಳಿದಾಗ ಹುಟ್ಟಿದ ಅಂಚು. ಅಲ್ಲಿ ಸೀಳಿನಲ್ಲಿ ಸಮುದ್ರ ತುಂಬಿದೆ. ಇಲ್ಲಿ ಸೀಳುವಿಕೆ ಇನ್ನೂ ನಡೆಯುತ್ತಿದೆ.

ದೈತ್ಯನೊಬ್ಬ ಕಿಲಿಮಂಜಾರೋ ಎಡವಿ ಬಿದ್ದಾಗ ಅವನ ಬೆರಳ ಗೆಣ್ಣುಗಳೇ ಈ ಗುಡ್ಡಗಳಾದವು ಎನ್ನುವುದು ಮಸಾಯಿ ಜನರ ಕಥೆ. ಡೆನ್ಮಾರ್ಕ್‌ನ ಲೇಖಕಿ ಕ್ಯಾರೆನ್ ಬ್ಲಿಕ್ಸೆನ್ ಇದರ ಬುಡದಲ್ಲೇ ಕಾಫಿ ಬೆಳೆದು, ನಷ್ಟವಾಗಿ, 1931ರಲ್ಲಿ ಊರಿಗೆ ಮರಳಿದರು. ಅವರ ಮನೆ ಈಗ ವಸ್ತುಸಂಗ್ರಹಾಲಯ. ಜಾಗದ ಎತ್ತರ ಕಾಫಿಗೆ ಹೆಚ್ಚಾಯಿತು ಎಂದಾಗ ಅಪ್ಪ, ‘ನನ್ನನ್ನು ಕೇಳಬಹುದಿತ್ತು’ ಎಂದು ನಕ್ಕರು. ಅಮ್ಮ ಹೋದ ಮೇಲೆ ಆ ನಗು ಕಂಡಿದ್ದು ಅವತ್ತೇ.

ಗಾಳಿಯಂತ್ರಗಳ ಬಳಿಯ ಗೇಟಿನಿಂದ ಕೋನಾ ಬರೀದಿವರೆಗೆ, ಗುಡ್ಡ ಹತ್ತಿ ಇಳಿದು, ದಾರಿ ಸುಮಾರು 10 ಕಿ.ಮೀ. ಎರಡನೇ ಗುಡ್ಡದಲ್ಲೇ ಅಪ್ಪನಿಗೆ ಏದುಸಿರು ಬಂತು. ಕೂತು ಬುತ್ತಿ ಬಿಚ್ಚಿ, ಚಿತ್ರಾನ್ನ ತಿಂದು ಹಿಂತಿರುಗಿದೆವು. ಅವಸರ ಮಾಡಲಿಲ್ಲ.

ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರಿಗೆ ನನ್ನ ಮಾತಿಷ್ಟು: ನೈರೋಬಿಯೇ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಮೊದಲ ಕೆಲ ದಿನ ಬೆಟ್ಟ ಬೇಡ. ಹೃದಯದ ತೊಂದರೆ ಇದ್ದರೆ ಊರಿನಲ್ಲೇ ವೈದ್ಯರನ್ನು ಕೇಳಿ ಬನ್ನಿ. ಹಿಂದೆ ಈ ದಾರಿಯಲ್ಲಿ ಸುಲಿಗೆಗಳು ನಡೆದಿವೆ. ಗುಂಪಿನಲ್ಲಿ ಹೋಗಿ, ಅರಣ್ಯ ರಕ್ಷಕರನ್ನು ಜೊತೆಗಿಟ್ಟುಕೊಳ್ಳಿ. ಸ್ವೆಟರ್, ನೀರು ಮರೆಯಬೇಡಿ. ಮಾರ್ಚ್‌ನಿಂದ ಮೇವರೆಗಿನ ಮಳೆಯಲ್ಲಿ ಮಣ್ಣು ಜಾರುತ್ತದೆ.

ಅಪ್ಪ ಟಿಕೆಟ್ ಬದಲಿಸಲಿಲ್ಲ, ಪೂರ್ತಿ ಎರಡು ತಿಂಗಳಿದ್ದರು. ಈಗ ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು: ‘ಮೂರನೇ ಗುಡ್ಡ ಬಾಕಿ ಇದೆ, ಮರೆಯಬೇಡ.’