ಬೆನ್ನಿಗೆ ಹಾಯುವ ಹೊಟ್ಟೆನೋವು

ಅಕ್ಕಂದಿರೇ, ಹೊಟ್ಟೆನೋವು ಯಾರಿಗೆ ಬರುವುದಿಲ್ಲ? ಅಜೀರ್ಣವಾದರೆ ಬರುತ್ತದೆ. ಓಮದ ನೀರು ಕುಡಿದು ಮಲಗಿದರೆ ಹೋಗುತ್ತದೆ. ಆದರೆ ಇಲ್ಲಿ ಹೇಳುವ ನೋವು ಬೇರೆ.

ಇದು ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗುತ್ತದೆ. ಅಲ್ಲಿಂದ ಬೆನ್ನಿಗೆ ಹಾಯುತ್ತದೆ. ಅಂಗಾತ ಮಲಗಿದರೆ ಹೆಚ್ಚಾಗುತ್ತದೆ. ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ತಡೆಯುತ್ತದೆ. ವಾಂತಿಯಾದರೂ ನೋವು ಇಳಿಯುವುದಿಲ್ಲ. "ಗ್ಯಾಸ್ಟ್ರಿಕ್ ಕಣಕ್ಕಾ" ಅಂತಾರೆ ಒಬ್ಬರು. "ಬಟ್ಟಿ ಜಾರೈತೆ" ಅಂತ ಇನ್ನೊಬ್ಬರು ಹೊಟ್ಟೆ ತಿಕ್ಕಲು ಬರುತ್ತಾರೆ. ತಿಕ್ಕಿಸಬೇಡಿ. ಇದು ಮೇದೋಜೀರಕ ಗ್ರಂಥಿಯ ಊತ ಇರಬಹುದು. ಡಾಕ್ಟರು ಇದನ್ನು ಪ್ಯಾಂಕ್ರಿಯಾಟೈಟಿಸ್ ಅನ್ನುತ್ತಾರೆ.

ಈ ಗ್ರಂಥಿ ನಮ್ಮ ಜಠರದ ಹಿಂದೆ ಅಡ್ಡಲಾಗಿ ಮಲಗಿದೆ. ಗೇಣಿಗಿಂತ ಸ್ವಲ್ಪ ಚಿಕ್ಕದು. ಅದಕ್ಕೆ ಎರಡು ಕೆಲಸ. ಉಂಡ ಅನ್ನ ಕರಗಿಸುವ ರಸವನ್ನು ಕರುಳಿಗೆ ಬಿಡುತ್ತದೆ. ರಕ್ತದ ಸಕ್ಕರೆ ಹತೋಟಿಯಲ್ಲಿ ಇಡುವ ಇನ್ಸುಲಿನ್ ಅನ್ನೂ ಮಾಡುತ್ತದೆ. ತೋಟದ ಕಾಲುವೆಯ ಬಾಯಿಗೆ ಕಲ್ಲು ಸಿಕ್ಕಿದರೆ ಏನಾಗುತ್ತದೆ? ನೀರು ಹಿಂದಕ್ಕೆ ನುಗ್ಗಿ ಬದು ಒಡೆಯುತ್ತದೆ. ಹಾಗೆಯೇ ಪಿತ್ತಕೋಶದ ಕಲ್ಲು ಜಾರಿ ಬಂದು ದಾರಿ ಕಟ್ಟಿದರೆ ರಸ ಹೊರಗೆ ಹೋಗಲಾರದು. ಅನ್ನ ಕರಗಿಸಬೇಕಾದ ರಸ ಗ್ರಂಥಿಯನ್ನೇ ಸುಡುತ್ತದೆ.

ಪಿತ್ತಕೋಶದ ಕಲ್ಲು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಸಿರು, ಬಾಣಂತನದಲ್ಲೂ ಕಾಣುತ್ತದೆ. ಗಂಡಸರಲ್ಲಿ ದೊಡ್ಡ ಕಾರಣ ಕುಡಿತ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೇ? ನಿಮಗೇ ಗೊತ್ತು. ಒಮ್ಮೆ ಈ ನೋವು ಬಂದವರಿಗೆ ಒಂದು ಗುಟುಕೂ ಬೇಡ. ಬೀಡಿಯೂ ಬೇಡ. ಬಹಳ ಕುಡಿಯುವವರು ತಟ್ಟನೆ ಬಿಟ್ಟರೆ ನಡುಕ, ಭ್ರಮೆ ಬರಬಹುದು. ಡಾಕ್ಟರಿಗೆ ಹೇಳಿಯೇ ಬಿಡಿಸಬೇಕು.

ನೋವು ಬಂದಾಗ ಮನೆಮದ್ದು ಮಾಡುತ್ತಾ ಕೂರಬೇಡಿ. ಕಡೂರು, ತರೀಕೆರೆ, ಅಜ್ಜಂಪುರ, ಯಾವುದು ಹತ್ತಿರವೋ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಜ್ವರ, ಕಣ್ಣು ಹಳದಿ, ಉಸಿರು ಕಟ್ಟುವುದು ಇದ್ದರೆ ಒಂದು ಗಳಿಗೆಯೂ ತಡ ಬೇಡ. ಈ ಕಾಯಿಲೆ ಜೋರಾದರೆ ಜೀವವೇ ಹೋಗಬಹುದು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿದರೆ ತಿಳಿಯುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಚಿಕ್ಕಮಗಳೂರಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕಳಿಸಬಹುದು. ಕಲ್ಲೇ ಕಾರಣವಾದರೆ ಪಿತ್ತಕೋಶ ತೆಗೆಯುವ ಆಪರೇಷನ್ ಮಾಡುತ್ತಾರೆ. ಅದನ್ನು "ಸುಗ್ಗಿ ಮುಗೀಲಿ" ಎಂದು ಮುಂದೆ ಹಾಕಬೇಡಿ. ಕಲ್ಲು ಉಳಿದರೆ ನೋವು ಮತ್ತೆ ಬರುತ್ತದೆ.

ಕೆಲವರಿಗೆ ಇದು ಮತ್ತೆ ಮತ್ತೆ ಬರುವ ಕಾಯಿಲೆ. ಅವರಿಗೆ ಔಷಧಿಯ ಜೊತೆ ಅಡುಗೆಮನೆಯೂ ಮುಖ್ಯ. ಜಿಡ್ಡು ಹೆಚ್ಚು ತಿಂದಷ್ಟೂ ಗ್ರಂಥಿಗೆ ಕೆಲಸ ಹೆಚ್ಚು. ನಮ್ಮದು ತೆಂಗಿನ ಸೀಮೆ. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ಚಟ್ನಿಗೂ ಕಾಯಿ. ಹಸಿ ಕಾಯಿಯಲ್ಲಿ ಮೂರನೇ ಒಂದು ಪಾಲಿನಷ್ಟು ಜಿಡ್ಡಿದೆ. ಕೊಬ್ಬರಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಹಾಗಂತ ಕಾಯಿಲೆಯವರಿಗೆ ಬೇರೆ ಒಲೆ ಹೂಡಬೇಕಿಲ್ಲ. ಬೇಳೆ ಬೆಂದ ಮೇಲೆ, ಕಾಯಿ ರುಬ್ಬಿ ಹಾಕುವ ಮೊದಲು, ಅವರ ಪಾಲು ಎತ್ತಿಡಿ. ಒಂದು ಸಣ್ಣ ಚಮಚ ಎಣ್ಣೆಯಲ್ಲಿ ಒಗ್ಗರಣೆ ಕೊಡಿ, ಸಾಕು. ಬೋಂಡ, ಪೂರಿ, ಕೊಬ್ಬಿನ ಮಾಂಸ ಬೇಡ. ಬೆಣ್ಣೆ ತೆಗೆದ ಮಜ್ಜಿಗೆ, ಮೆತ್ತಗೆ ಬೆಂದ ಅನ್ನ, ಸಣ್ಣ ಮುದ್ದೆ, ಹೆಸರುಬೇಳೆ, ಸೋರೆಕಾಯಿ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಆಗುತ್ತವೆ. ಮೀನು ಇಷ್ಟವಿದ್ದರೆ ಹುರಿಯದೆ ಹುಳಿಯಲ್ಲಿ ಬೇಯಿಸಿ.

ಒಂದೇ ಸಲ ಹೊಟ್ಟೆ ಬಿರಿಯೆ ಉಣ್ಣುವುದೂ ತಪ್ಪು. ಇಲ್ಲಿ ಹೆಂಗಸರದೇ ಕಷ್ಟ. ಬೆಳಿಗ್ಗೆ ಒಂದು ಲೋಟ ಟೀ ಕುಡಿದು ಹೊಲಕ್ಕೆ ಹೋಗುತ್ತೇವೆ. ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ತಟ್ಟೆ ತುಂಬ ಉಣ್ಣುತ್ತೇವೆ. ಈ ಕಾಯಿಲೆ ಇದ್ದವರು ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ ಉಣ್ಣಬೇಕು. ಮನೆಯವರಿಗೆ ಕಾಯಬಾರದು.

ನೋವಿನ ಹೆದರಿಕೆಗೆ ಕೆಲವರು ಊಟವನ್ನೇ ಬಿಡುತ್ತಾರೆ. ಸೊರಗಿ ಕಡ್ಡಿಯಾಗುತ್ತಾರೆ. ಅದೂ ಅಪಾಯ. ಮಲ ಜಿಡ್ಡಾಗಿ ನೀರಿನ ಮೇಲೆ ತೇಲಿದರೆ, ತೂಕ ಇಳಿದರೆ, ರಸ ಸಾಲುತ್ತಿಲ್ಲ ಎಂದು ಅರ್ಥ. ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಊಟದ ಜೊತೆ ನುಂಗುವ ಮಾತ್ರೆ ಕೊಡುತ್ತಾರೆ. ಅದು ಹಿಡಿದ ಮೇಲೆ ಎಷ್ಟು ಜಿಡ್ಡು ತಿನ್ನಬಹುದು ಎಂದೂ ಕೇಳಿ. ಎಲ್ಲರಿಗೂ ಕಟ್ಟುನಿಟ್ಟಿನ ಪಥ್ಯ ಬೇಕಾಗುವುದಿಲ್ಲ. ಆಗಾಗ ಸಕ್ಕರೆ ಪರೀಕ್ಷೆಯೂ ಆಗಬೇಕು. ಗ್ರಂಥಿ ಕೆಟ್ಟರೆ ಸಕ್ಕರೆ ಕಾಯಿಲೆ ಬರಬಹುದು.

ನೀವೀಗ ಓದು ಬರಹ ಕಲಿತಿದ್ದೀರಿ. ಒಂದು ಪುಸ್ತಕ ಇಡಿ. ನೋವು ಬಂದ ದಿನ, ಅದರ ಹಿಂದಿನ ದಿನ ತಿಂದದ್ದು, ಇಷ್ಟೇ ಬರೆಯಿರಿ. "ಸೋಮವಾರ. ಕಾಯಿ ಹೋಳಿಗೆ ಮೂರು. ರಾತ್ರಿ ನೋವು." ನಾಲ್ಕು ತಿಂಗಳಲ್ಲಿ ಯಾವುದು ಒಗ್ಗುವುದಿಲ್ಲ ಎಂದು ನಿಮಗೇ ಕಾಣುತ್ತದೆ. ಸ್ಕ್ಯಾನಿಂಗ್ ಚೀಟಿಯನ್ನೂ ಅದರೊಳಗೇ ಇಡಿ. ಆಸ್ಪತ್ರೆಗೆ ಹೋಗುವಾಗ ಪುಸ್ತಕ ಜೊತೆಗಿರಲಿ.

ಮದುವೆ, ಜಾತ್ರೆಗೆ ಹೋಗಬಾರದು ಅಂತೇನಿಲ್ಲ. ಮನೆಯಲ್ಲೇ ಸ್ವಲ್ಪ ಉಂಡು ಹೋಗಿ. ಅಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ ಹಾಕಿಸಿಕೊಳ್ಳಿ. ತುಪ್ಪ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಿರಿ. ಬಲವಂತ ಮಾಡಿದರೆ, "ಡಾಕ್ಟ್ರು ಬ್ಯಾಡ ಅಂದವ್ರೆ ಕಣಮ್ಮ" ಅನ್ನಿ.